ಗಿನೆಮ್ ಮತ್ತು ಎರಡನೆಯ ಖಾನೆ

ಸೋಲೋ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ದಾಖಲೆಗಳನ್ನು ಜೋಡಿಸುವ ವುರ್ಯಾನಿಗೆ ಇದ್ದದ್ದು ಒಂದೇ ಹೆಸರು. ಮನೆತನದ ಹೆಸರನ್ನು ಹಿಂದೆ ಕಟ್ಟಿಕೊಳ್ಳುವ ರೂಢಿ ಅವಳಂಥವರ ಮನೆಗಳಲ್ಲಿ ಇರಲಿಲ್ಲ. ಆದರೆ ಕಂಪ್ಯೂಟರಿಗೆ ಎರಡು ಬೇಕು. ಎರಡನೆಯ ಖಾನೆ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಸಂಬಳದ ಚೀಟಿಯಲ್ಲಿ ಅವಳು ವುರ್ಯಾನಿ ವುರ್ಯಾನಿ.

"ಜೋಡಿ ಬಂದ್ರು ನೋಡಿ, ಎರಡು ಟೀ ಹಾಕಿ" ಎಂದು ಕ್ಯಾಂಟೀನಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕೆಲಸಕ್ಕೆ ಸೇರಿದಂದಿನಿಂದ ನಕ್ಕಿದ್ದಳು.

ಆ ವರ್ಷ ಅವಳ ಮೇಜಿಗೆ ಒಂದು ನಾಟಕ ಮಂಡಳಿಯ ಗಂಟು ಬಂತು. ಹಳ್ಳಿ ಹಳ್ಳಿ ತಿರುಗಿ ಕೆತೊಪ್ರಾಕ್ ಎಂಬ ರಾಜರಾಣಿಯರ ಆಟ ಆಡುತ್ತಿದ್ದ ಮಂಡಳಿ. ಯಜಮಾನ ದಾರ್ಮೊಸುವಿತೊ ತೀರಿಕೊಂಡ ಮೇಲೆ ಪರದೆ ಮಡಚಿಟ್ಟಿತ್ತು. ಲವಂಗದ ಸಿಗರೇಟಿನ ಪೊಟ್ಟಣಗಳ ಒಳಮೈ, ಮದುವೆ ಕರೆಯೋಲೆಗಳ ಖಾಲಿ ಬದಿ, ಹರಿದ ಶಾಲಾ ಪುಸ್ತಕಗಳು. ಸಿಕ್ಕಿದ್ದರಲ್ಲೆಲ್ಲ ಕಥೆಯ ಎಳೆ ಬರೆದಿತ್ತು. ರಾಜ ಯಾವಾಗ ಬರಬೇಕು, ವಿದೂಷಕ ಎಲ್ಲಿಯವರೆಗೆ ನಗಿಸಬೇಕು, ರಾಣಿ ಯಾವ ಮಾತಿಗೆ ಅಳು ನುಂಗಬೇಕು.

ವುರ್ಯಾನಿ ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಕಾಗದ ಹರಿಯದಂತೆ ಬಿಡಿಸಿದಳು. ಮೆತ್ತನೆಯ ಕುಂಚದಿಂದ ದೂಳು ತೆಗೆದಳು. ಗಂಟಿನಲ್ಲಿ ಯಾವುದರ ಕೆಳಗೆ ಯಾವುದಿತ್ತೋ ಅದೇ ಕ್ರಮದಲ್ಲಿ ಪೆಟ್ಟಿಗೆಗಳಿಗೆ ಇಳಿಸಿದಳು. ಕೆಲಸ ಮುಗಿಯುತ್ತ ಬಂದಾಗ ಅವಳಿಗೆ ಒಂದು ಮಾತು ಖಚಿತವಾಗಿತ್ತು: ಮೊದಲಿನಿಂದ ಕೊನೆಯವರೆಗೆ ಕೈಬರಹ ಒಂದೇ, ಅದು ಯಜಮಾನನದಲ್ಲ. ಆಟದ ಪರವಾನಗಿಗಳ ಮೇಲೆಲ್ಲ ಅವನು ಒತ್ತಿದ್ದು ಹೆಬ್ಬೆಟ್ಟು.

"ಸೋಮವಾರ ಸಂಗ್ರಹ ಓದುಗರಿಗೆ ತೆರೀಬೇಕು, ಬು ವುರ್," ಎಂದರು ವಿಭಾಗದ ಮುಖ್ಯಸ್ಥ ಸುಗೆಂಗ್. ಅಲ್ಲಿ ಮರ್ಯಾದೆಗೆ ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎನ್ನುತ್ತಾರೆ. "ಬರೆದವರು ಅನ್ನೋ ಕಡೆ ದಾರ್ಮೊಸುವಿತೊ ಅಂತ ಹಾಕಿಬಿಡಿ."

"ಬರೆದವರು ಅವರಲ್ಲ, ಪಾಕ್. ಹೆಂಡ್ತಿ ಇರಬೇಕು. ಗಂಟು ಕೊಟ್ಟವರೂ ಅವರೇ."

"ಸರಿ, ಆಕೆ ಹೆಸರು ಹಾಕಿ. ಎರಡನೇ ಖಾನೆಗೆ ದಾರ್ಮೊ ಅಂತ ಸೇರಿಸಿ. ಅದೂ ಬೇಡ್ವಾ? ನಿಮ್ ಥರ ಒಂದನ್ನೇ ಎರಡು ಸಲ ಹೊಡೀರಿ."

ಈ ಸಲ ವುರ್ಯಾನಿ ನಗಲಿಲ್ಲ.

ಮರುದಿನ ಅವಳು ಗಂಟು ಕೊಟ್ಟ ಮುದುಕಿಯ ಮನೆಗೆ ಹೋದಳು. ಮುದುಕಿ ಮೆಟ್ಟಿಲ ಮೇಲೆ ಕುಳಿತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಓಣಿಗೆಲ್ಲ ಆಕೆ ಬು ದಾರ್ಮೊ, ದಾರ್ಮೊನ ಮನೆಯಾಕೆ.

"ಬು ದಾರ್ಮೊ ಅಂತಲೇ ಬರಿ," ಎಂದಳು ಮುದುಕಿ.

"ಅದು ಗಂಡನ ಹೆಸರಲ್ವಾ ಅಜ್ಜಿ? ಕಥೆ ಬರೆದಿದ್ದು ಯಾರು?"

"ಮೊದಮೊದ್ಲು ಅವ್ರು ಹೇಳೋರು, ನಾನು ಬರೀತಿದ್ದೆ. ಆಮೇಲಾಮೇಲೆ ಅವ್ರು ಗೊರಕೆ ಹೊಡೆಯೋರು, ನಾನು ಬರೀತಿದ್ದೆ." ಮುದುಕಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಈರುಳ್ಳಿ ಕಣೆ, ನಿನ್ ಪ್ರಶ್ನೆಗಲ್ಲ."

"ನಿಮ್ಮ ಹೆಸರು?"

"ಗಿನೆಮ್."

"ಹುಟ್ಟಿದಾಗ ಇಟ್ಟಿದ್ದು ಅದೇನಾ?"

ಮುದುಕಿಯ ಕೈ ನಿಂತಿತು. "ಅಲ್ಲ. ಅಪ್ಪನಿಗೆ ಅರಮನೆ ಹುಚ್ಚು. ಎಂಥದೋ ರಾಣಿ ಹೆಸರಿಟ್ಟ. ಕೂಸಿಗೆ ಭಾರ ಆಯ್ತು, ಹಾಸಿಗೆ ಬಿಟ್ಟು ಏಳ್ಲಿಲ್ಲ. ಕೆಂಪು ಗಂಜಿ ಬಿಳಿ ಗಂಜಿ ಮಾಡಿ ಓಣಿಗೆಲ್ಲ ಹಂಚಿ ಆ ಹೆಸರನ್ನ ಕಳಿಸಿಬಿಟ್ರು. ಗಿನೆಮ್ ಅಂತ ಕೂಗಿದ್ರಂತೆ, ನಾನು ಎದ್ದು ಕೂತು ಅನ್ನ ಕೇಳಿದ್ನಂತೆ."

ಒಬ್ಬರಿಗೆ ಎಷ್ಟು ಹೆಸರಿದ್ದವೋ ಅಷ್ಟನ್ನೂ ದಾಖಲಿಸಬೇಕೆಂಬುದು ವುರ್ಯಾನಿಯ ಕಸುಬಿನ ನಿಯಮ. ಅವಳು ಅದನ್ನು ಮೀರಿದವಳಲ್ಲ. ಕಾಗದದ ಮೇಲೆ ಪೆನ್ನು ಊರಿ, "ಆ ರಾಣಿ ಹೆಸರು ಯಾವುದು ಅಜ್ಜಿ?" ಎಂದು ಕೇಳಿದಳು.

ಮುದುಕಿ ಓಣಿಯ ಎರಡೂ ಕಡೆ ನೋಡಿದಳು. ಬಾಗಿ ಅವಳ ಕಿವಿಯಲ್ಲಿ ಹೇಳಿದಳು. ಉದ್ದನೆಯ, ಚೆಂದದ ಹೆಸರು.

"ನೀನು ಕೇಳಿದ್ದಕ್ಕೆ ಹೇಳ್ದೆ. ಬರೀಬೇಡ ಮಗಳೆ. ಮನೆ ಗುರುತು ಸಿಕ್ರೆ ವಾಪಸ್ ಬರುತ್ತೆ ಅದು."

ವುರ್ಯಾನಿ ಪೆನ್ನಿನ ಮುಚ್ಚಳ ಹಾಕಿದಳು. ಕಂಪ್ಯೂಟರಿನ ಎರಡನೆಯ ಖಾನೆಯ ಗೋಳನ್ನು ಹೇಳಿದಳು.

"ಗಿನೆಮ್ ಅಂತ ಬರಿ. ಆದ್ರೆ ಒಂದೇ ಸಲ. ಎರಡು ಸಲ ಕೂಗಿದ್ರೆ ಕಿವುಡಿ ಅಂದ್ಕೊಂಡಾರು."

ಸೋಮವಾರ ಕಂಪ್ಯೂಟರ್ ಒಪ್ಪಲಿಲ್ಲ. ಖಾಲಿ ಖಾನೆಯ ಸುತ್ತ ಕೆಂಪು ಗೆರೆ ಮೂಡುತ್ತಲೇ ಇತ್ತು.

"ಒಂದು ಗೀಟಾದ್ರೂ ಎಳೀರಿ, ಬು ವುರ್," ಎಂದರು ಸುಗೆಂಗ್.

"ಗೀಟು ಅವರ ಹೆಸರಲ್ಲ, ಪಾಕ್."

"ಒಂದು ಖಾನೆಗೋಸ್ಕರ ಎಲ್ಲಾ ನಿಲ್ಲಿಸ್ತೀರಾ?"

"ನಿಲ್ಲಿಸ್ತೀನಿ. ನನ್ನ ಹೆಸರನ್ನ ಏನು ಬೇಕಾದ್ರೂ ಮಾಡ್ಕೊಳ್ಳಲಿ ಅಂತ ಸುಮ್ನಿದ್ದೆ. ಅಷ್ಟೂ ಕಥೆ ಬರೆದವರು ಅವರು. ತಪ್ಪು ಹೆಸರಲ್ಲಿ ಈ ಪೆಟ್ಟಿಗೆ ತೆರೆಯೋಕೆ ನನ್ನ ಕೈಲಿ ಆಗಲ್ಲ."

ಸುಗೆಂಗ್ ಸಿಡುಕಿದರು, ಹೋದರು, ತಿರುಗಿ ಬಂದರು. ಅವಳು ಕೂತಲ್ಲೇ ಕೂತಿದ್ದಳು. ಮುಂದಿನ ಗಂಟಿನ ಪಿನ್ನು ಬಿಡಿಸುತ್ತಿದ್ದಳು. ಆ ದಿನ ಸಂಗ್ರಹ ತೆರೆಯಲಿಲ್ಲ. ಆ ವಾರವೂ ಇಲ್ಲ. ಕಂಪ್ಯೂಟರ್ ವಿಭಾಗಕ್ಕೆ ಅವಳು ದಿನವೂ ನಡೆದು ಹೋದಳು. ಬಾಗಿಲಲ್ಲಿ ಅವಳು ಕಂಡರೆ ಅಲ್ಲಿಯವರು ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. ಅವಳು ಗೋಡೆಗೊರಗಿ ಕಾಯುತ್ತಿದ್ದಳು. ಕೊನೆಗೆ ಸುಗೆಂಗ್ ತಾವೇ ಅಲ್ಲಿಗೆ ಫೋನು ಮಾಡಿದರು.

"ಆ ಎರಡನೇ ಖಾನೆ ಕಡ್ಡಾಯ ಅನ್ನೋದನ್ನ ತೆಗೆದುಬಿಡ್ರಪ್ಪ," ಎಂದರು. ಅವಳ ಕಡೆ ನೋಡದೆ, ದನಿ ತಗ್ಗಿಸಿ ಸೇರಿಸಿದರು, "ನಮ್ಮಮ್ಮಂದೂ ಒಂದೇ ಹೆಸರು."

ಕೆಂಪು ಗೆರೆ ಹೋಯಿತು. ಬರೆದವರು: ಗಿನೆಮ್. ಅದರ ಮುಂದೆ ಏನೂ ಇಲ್ಲ. ಇತರ ಹೆಸರುಗಳು ಎಂಬಲ್ಲಿ ವುರ್ಯಾನಿ 'ಬು ದಾರ್ಮೊ' ಎಂದು ಬರೆದಳು. ಬೆರಳುಗಳು ಕೀಲಿಗಳ ಮೇಲೆ ಸ್ವಲ್ಪ ಹೊತ್ತು ತಡೆದವು. ಕಿವಿಯಲ್ಲಿದ್ದ ಹೆಸರು ಕಿವಿಯಲ್ಲೇ ಉಳಿಯಿತು. ಅವಳು ಪುಟವನ್ನು ಮುಚ್ಚಿದಳು.

ಮುಂದಿನ ತಿಂಗಳ ಸಂಬಳದ ಚೀಟಿಯಲ್ಲಿ ಮತ್ತೆ ವುರ್ಯಾನಿ ವುರ್ಯಾನಿ ಎಂದೇ ಇತ್ತು. ಅವಳು ಅದನ್ನು ಮಡಚಿ ಕೈಯಲ್ಲಿ ಹಿಡಿದು ಕ್ಯಾಂಟೀನಿಗೆ ಇಳಿದಳು. ಅಲ್ಲಿಂದ ಸಂಬಳದ ವಿಭಾಗಕ್ಕೆ ಹೋಗುವುದಿತ್ತು.

"ಜೋಡಿ ಬಂದ್ರು! ಎರಡು ಟೀ!"

"ಒಂದು," ಎಂದಳು ವುರ್ಯಾನಿ. "ಒಂದೇ ಹಾಕಿ."