ಅಕ್ಕೋರ ಸೌಟು

ಒಲೆಯ ಮೇಲೆ ಬೇಳೆ ಇಟ್ಟು, ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಫೋನು ಬಂತು. ಮೊದಲು ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕೋರು ಧಾರವಾಡದಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಬೆಳಗಿನ ಚಹಾ ಕುಡಿದು, ಕಪ್ಪು ತೊಳೆದಿಟ್ಟು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹಾಸಿಗೆ ಹಿಡಿಯಲಿಲ್ಲ, ಅಷ್ಟು ಪುಣ್ಯ.

ನನ್ನ ಕಣ್ಣೆದುರು ಬಂದದ್ದು ಅವರ ಸೊಂಟ. ಬೇರೆಯವರು ಕೀಲಿಗೊಂಚಲು ಸಿಗಿಸುವಲ್ಲಿ ಅಕ್ಕೋರು ಹಿತ್ತಾಳೆಯ ಸೌಟು ಸಿಗಿಸುತ್ತಿದ್ದರು, ಕತ್ತಿಯ ಹಾಗೆ. ಶಾಲೆಯಿಂದ ನಿವೃತ್ತರಾದ ಮೇಲೆ ನಮ್ಮ ಧನಕವಡಿ ಬಿಲ್ಡಿಂಗಿನ ಹೆಂಗಸರಿಗೆ ಗಚ್ಚಿಯ ಮೇಲೆ ಇಂಗ್ಲಿಷ್ ಕಲಿಸುತ್ತಿದ್ದರು. ನಾವು ಹಪ್ಪಳ ಒಣಹಾಕುತ್ತ ಕಲಿಯುತ್ತಿದ್ದೆವು.

"ಇಂಗ್ಲಿಷಿನ ಮನ್ಯಾಗ ಸೌಟು ಒಂದ ಅದ. ಅದರ ಹೆಸರು ಎಸ್. ಮಾಡಾಕಿ ಒಬ್ಬಾಕಿ ಇದ್ರ ಸೌಟು ಕೆಲಸದ ಕೈಗೆ ಕೊಡು: ಗರ್ಲ್ ಕುಕ್ಸ್. ಮಂದಿ ಭಾಳ ಇದ್ರ ಮಂದಿ ಕೈಗೆ: ಗರ್ಲ್ಸ್ ಕುಕ್. ಇಬ್ಬರಿಗೂ ಕೊಟ್ಟಿ, ಅಡಿಗಿಮನ್ಯಾಗ ಜಗಳ ಬಂತು!"

ಎಡಗೈ ಅಂದರೆ ಮಂದಿ, ಬಲಗೈ ಅಂದರೆ ಕೆಲಸ. ಸೌಟು ಕೈ ಬದಲಿಸುತ್ತ ವಾಕ್ಯ ಹೇಳಬೇಕು. ತಪ್ಪಿದರೆ ಅಕ್ಕೋರು ಅದನ್ನು ಕಸಿದುಕೊಂಡು ಬಕೆಟ್ಟಿಗೆ ಬಾರಿಸುತ್ತಿದ್ದರು. ಕೆಳಗಿನಿಂದ ವಾಚ್‌ಮನ್ ಮರಾಠಿಯಲ್ಲಿ ಕೂಗುತ್ತಿದ್ದ, "ವೈನಿ, ಪರತ್ ಚುಕಲಾತ್?" ಮತ್ತೆ ತಪ್ಪಿದಿರಾ ಅಂತ.

ಮಗಳನ್ನು ಒಂದನೆಯ ಇಯತ್ತೆಗೆ ಹಾಕುವಾಗ, ತಾಯಿ ಇಂಗ್ಲಿಷಿನಲ್ಲಿ ಮಾತಾಡಿದರೆ ಮಾತ್ರ ಸೀಟು ಎಂದರು ಶಾಲೆಯವರು. ನಮ್ಮ ಮನೆಯವರಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ನಾನೊಬ್ಬಳೇ ಹೋಗಬೇಕು. ಸೌಟಿಲ್ಲದೆ ನನಗೆ ಮಾತೇ ಬರುತ್ತಿರಲಿಲ್ಲ. ಅಕ್ಕೋರು ಸೊಂಟದಿಂದ ಕಿತ್ತು ನನ್ನ ಬ್ಯಾಗಿಗೆ ತುರುಕಿದರು. "ತೋರಸಬ್ಯಾಡ. ಒಳಗ ಕೈ ಬದಲಸು."

ಮಗಳು ಮನೆಯಲ್ಲಿ ಏನು ಮಾಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು ಶಾಲೆಯ ಮೇಡಂ. ಬ್ಯಾಗಿನೊಳಗೆ ಬಲಗೈಗೆ ಕೊಟ್ಟೆ. "ಮೈ ಡಾಟರ್ ರೀಡ್ಸ್." ವಿಠ್ಠಲಾ, ಬಂತು! ಅಜ್ಜ, ಅಜ್ಜಿ? "ಹರ್ ಗ್ರ್ಯಾಂಡ್‌ಪೇರೆಂಟ್ಸ್..." ಅವಸರದಲ್ಲಿ ಎಡಗೈಗೆ ತಿರುಗಿಸಿದೆ ನೋಡಿ, ಸೌಟು ಜಿಪ್ಪು ಹರಿದು ಹೊರಬಂದು ಮೇಡಂ ಮುಂದಿನ ನೀರಿನ ಗ್ಲಾಸಿಗೆ ಠಣ್ ಎಂದಿತು.

"ಹೇ ಕಾಯ್?" ಇದೇನು ಎಂದು ಮೇಡಂ ಮರಾಠಿಗೆ ಇಳಿದರು. ನಾನೂ ಇಳಿದೆ. ಎಲ್ಲಾ ಹೇಳಿ, ಅವರ ಕಣ್ಣೆದುರೇ ಸೌಟನ್ನು ಎಡಗೈಯಲ್ಲಿ ಎತ್ತಿ ಹಿಡಿದು ವಾಕ್ಯ ಮುಗಿಸಿದೆ: "ಗ್ರ್ಯಾಂಡ್‌ಪೇರೆಂಟ್ಸ್ ಟೆಲ್ ಸ್ಟೋರೀಸ್." ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಸೌಟು ಇಸಿದುಕೊಂಡು ತಾವೂ ಒಮ್ಮೆ ಮಾಡಿ ನೋಡಿದರು. ಸೀಟು ಸಿಕ್ಕಿತು.

"ಸೌಟಿಗೂ ಶರಣು, ವಿಠ್ಠಲಗೂ ಶರಣ್ರಿ," ಅಂದೆ ಮನೆಗೆ ಬಂದು ಅಕ್ಕೋರಿಗೆ.

"ಇಬ್ಬರಿಗೂ ಕೊಡಬ್ಯಾಡಂತ ಎಷ್ಟು ಸರ್ತಿ ಹೇಳೀನಿ? ಒಬ್ಬರ ಹೆಸರು ಹೇಳು!"

"ವಿಠ್ಠಲ, ರೀ."

"ಹಂಗಾರ ನನ್ನ ಸೌಟು ವಾಪಸ್ ಕೊಡು!"

ಕೊಡಹೋದರೆ ಮುಟ್ಟಲಿಲ್ಲ. ಮರುದಿನ ಸೊಂಟದಲ್ಲಿ ಸ್ಟೀಲಿನದು ಬಂದಿತ್ತು.

ಹೋದ ವರ್ಷ ಕಾತ್ರಜದಲ್ಲಿ ಅವರನ್ನು ಧಾರವಾಡದ ಬಸ್ಸು ಹತ್ತಿಸುವಾಗ ಆ ಹಿತ್ತಾಳೆಯ ಸೌಟನ್ನು ಹುಣಸೆಹಣ್ಣಿನಿಂದ ತಿಕ್ಕಿ ಒಯ್ದಿದ್ದೆ. ಕಿಟಕಿಯಿಂದ ಕೊಟ್ಟರೆ ಕಿಟಕಿಯಿಂದಲೇ ವಾಪಸ್ ಚಾಚಿದರು.

"ಒಬ್ಬಾಕಿ ಇದ್ರ ಸೌಟು ಯಾರ ಕೈಗೆ?"

"ಕೆಲಸದ ಕೈಗೆ, ಅಕ್ಕೋರ."

"ನಾ ಈಗ ಒಬ್ಬಾಕಿ. ಕೆಲಸ ಇನ್ನ ನಿಂದು."

ಫೋನು ಇಟ್ಟಾಗ ಬೇಳೆ ಉಕ್ಕುತ್ತಿತ್ತು. ವಿಠ್ಠಲನ ಪಟಕ್ಕೆ ಕೈಮುಗಿದು, ಮೊಳೆಯಿಂದ ಅಕ್ಕೋರ ಸೌಟು ತೆಗೆದು, ಬಲಗೈಯಲ್ಲಿ ಹಿಡಿದು ಬೇಳೆ ಕಡೆಯತೊಡಗಿದೆ.