ಜನವರಿಯಲ್ಲಿ ಲೋರ್ನಾ ಕೊಟ್ಟ ಒಪ್ಪಿಗೆ

ಮಿನೆಸೋಟದ ಉತ್ತರದ ಆ ಗಣಿ ಊರಿಗೆ ಇಂಟರ್ನೆಟ್ ತಂದವಳು ಲೋರ್ನಾ ಕಿವೆಲಾ. ಊರು ಸಣ್ಣದು, ಲಾಭವಿಲ್ಲ ಎಂದು ದೊಡ್ಡ ಕಂಪನಿಗಳು ಮುಖ ತಿರುಗಿಸಿದ್ದ ಕಾಲ. ಅಪ್ಪನ ಹಾರ್ಡ್‌ವೇರ್ ಅಂಗಡಿಯ ಹಿಂಕೋಣೆಯಲ್ಲಿ ಅವಳು ಮೋಡೆಮ್‌ಗಳನ್ನು ಜೋಡಿಸಿಕೊಂಡು ಕೂತಳು. ಜೊತೆಗೆ ನಿಂತವನು ಗಣಿಯ ಕೆಲಸ ಕಳೆದುಕೊಂಡಿದ್ದ ವರ್ನ್ ಪೆಲ್ಕಿ. ಕೊರೆಯುವ ಚಳಿಯಲ್ಲಿ ನೀರಿನ ಟ್ಯಾಂಕ್ ಹತ್ತಿ ಆಂಟೆನಾ ಕಟ್ಟುತ್ತಾ ಮೇಲಿಂದ ಕೂಗುತ್ತಿದ್ದ: "ಲೇ ಲೋರ್ನಾ, ನನ್ ಮೂಗು ಉದುರಿದ್ರೆ ಎತ್ತಿಟ್ಕೋ! ಮನೇಲಿ ಆರ್ಡಿಸ್ ಲೆಕ್ಕ ಕೇಳ್ತಾಳೆ."

ಹತ್ತಾರು ವರ್ಷದ ಮೇಲೆ ಇಬ್ಬರೂ ತಮ್ಮ ಇಂಟರ್ನೆಟ್ ಕಂಪನಿಯನ್ನು ಒಳ್ಳೆಯ ಬೆಲೆಗೆ ಮಾರಿದರು. ವರ್ನ್ ತನ್ನ ಪಾಲು ತೆಗೆದುಕೊಂಡು ಊರಲ್ಲೇ ಉಳಿದ. ಲೋರ್ನಾ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹೊಸ ಕಂಪನಿಗಳಿಗೆ ಬಂಡವಾಳ ಹಾಕತೊಡಗಿದಳು. ಮನೆಯ ಹೀಟರನ್ನು ಇಂಟರ್ನೆಟ್ ಮೂಲಕ ನಡೆಸುವ ಪುಟ್ಟ ಪೆಟ್ಟಿಗೆ ಮಾಡುವ ಕಂಪನಿಯೂ ಅದರಲ್ಲೊಂದು. ಲೋರ್ನಾ ಹೇಳಿದಳೆಂದು ಊರಿಗೆ ಊರೇ ಅದನ್ನು ಗೋಡೆಗೆ ಹಾಕಿಸಿಕೊಂಡಿತು.

ಆ ಪೆಟ್ಟಿಗೆ ಕಂಪನಿ ನಷ್ಟಕ್ಕೆ ಬಿತ್ತು. ಅದನ್ನು ಕೊಳ್ಳಲು ಬಂದವರು ಹಳೆಯ ಪೆಟ್ಟಿಗೆಗಳ ಸೇವೆ ನಿಂತ ಮೇಲೇ ಸಹಿ ಎಂದರು. ಲೋರ್ನಾ ಸದಸ್ಯೆಯಾಗಿದ್ದ ಆಡಳಿತ ಮಂಡಳಿಯ ಜನವರಿ ಸಭೆಯಲ್ಲಿ ಇಂಜಿನಿಯರ್ ತೆರೇಸಾ ಮುಚ್ಚುಮರೆಯಿಲ್ಲದೆ ಹೇಳಿದಳು: "ನಮ್ಮ ಸರ್ವರ್ ಸಿಗದೇ ಹೋದ್ರೆ ಕೆಲವು ಪೆಟ್ಟಿಗೆ ಹೀಟರನ್ನೇ ಆರಿಸಿಬಿಡ್ತವೆ."

"ಚಳಿ ಮುಗಿಯೋ ಏಪ್ರಿಲ್‌ವರೆಗೆ ತಡೆಯೋಣ," ಎಂದಳು ಲೋರ್ನಾ.

"ಅಷ್ಟು ದಿನ ಅವರು ಕಾಯಲ್ಲ," ಎಂದ ಅಧ್ಯಕ್ಷ. "ಸೇವೆ ನಿಲ್ಲುತ್ತೆ ಅಂತ ಎಲ್ಲರಿಗೂ ಮೇಲ್ ಕಳಿಸಿದೀವಲ್ಲ, ಇನ್ನೇನು ಮಾಡೋಕಾಗುತ್ತೆ?"

ಉಳಿದವರೆಲ್ಲ ಕೈ ಎತ್ತಿದರು. ಅವಳೂ ಎತ್ತಿದಳು.

ಸೇವೆ ನಿಂತ ವಾರ ವರ್ನ್ ಹೆಂಡತಿ ಆರ್ಡಿಸ್ ಮಗಳ ಬಾಣಂತನಕ್ಕೆಂದು ಡುಲೂತ್‌ಗೆ ಹೋಗಿದ್ದಳು. ಗಣಿಯ ಧೂಳು ಕುಡಿದ ಶ್ವಾಸಕೋಶದ ವರ್ನ್ ಜ್ವರಕ್ಕೆ ಮಾತ್ರೆ ನುಂಗಿ ಮಲಗಿದ್ದ. ಹೀಟರ್ ಆರಿತು. ಪಕ್ಕದ ಮನೆಯವರು ಬಾಗಿಲು ಒಡೆದಾಗ ನಲ್ಲಿಯ ನೀರೂ ಹೆಪ್ಪುಗಟ್ಟಿತ್ತು.

ವರ್ನ್‌ನ ಮಣ್ಣಿಗೆ ಲೋರ್ನಾ ಬಂದಳು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಅವಳನ್ನು ಕಂಡು ಬೆನ್ನು ತಿರುಗಿಸಿದರು. ಆರ್ಡಿಸ್ ಎದ್ದು ಹತ್ತಿರ ಬಂದಳು.

"ಮೇಲ್ ಬಂದಿತ್ತು ಕಣೇ. ಓದಿ ಹೇಳ್ದೆ ಅವನಿಗೆ, ಈ ಪೆಟ್ಟಿಗೆ ಕಿತ್ತಾಕ್ಸೋಣ ಅಂತ. ಏನಂದ ಗೊತ್ತಾ? 'ಸುಮ್ನಿರು, ಅಲ್ಲಿ ಲೋರ್ನಾ ಇದಾಳೆ. ಚಳಿಗಾಲದಲ್ಲಿ ಆರ್ಸೋಕೆ ಬಿಡ್ತಾಳಾ?' ಅಂದ."

ಲೋರ್ನಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು.

"ಹೋಗು," ಎಂದಳು ಆರ್ಡಿಸ್. "ಇಲ್ಲಿ ಅಳಬೇಡ."

ಮುಂದೆ ಆರ್ಡಿಸ್ ಹೂಡಿದ ಮೊಕದ್ದಮೆಯಲ್ಲಿ ಲೋರ್ನಾ ಕಂಪನಿಯ ವಿರುದ್ಧವೇ ಸಾಕ್ಷಿ ನುಡಿದಳು. ಅಪಾಯ ಗೊತ್ತಿದ್ದೂ ಒಪ್ಪಿಗೆ ಕೊಟ್ಟೆ ಎಂದಳು. ಆಮೇಲೆ ಅವಳನ್ನು ಯಾವ ಕಂಪನಿಯವರೂ ಹತ್ತಿರ ಸೇರಿಸಲಿಲ್ಲ. ಆರ್ಡಿಸ್ ಗೆದ್ದಳು, ಆದರೆ ನ್ಯಾಯಾಲಯದ ಮೆಟ್ಟಿಲಲ್ಲಿ ಇವಳತ್ತ ತಿರುಗಿಯೂ ನೋಡಲಿಲ್ಲ.

ಲೋರ್ನಾ ಊರಿಗೇ ಮರಳಿ ಬಾಡಿಗೆ ಕೋಣೆ ಹಿಡಿದಳು. ಮನೆಮನೆಗೆ ಹೋಗಿ ಆ ಪೆಟ್ಟಿಗೆಗಳನ್ನು ಬಿಚ್ಚಿ, ಕೈಯಲ್ಲಿ ತಿರುಗಿಸುವ ಹಳೇ ಮಾದರಿಯ ಗುಂಡಿಗಳನ್ನು ಕೂರಿಸಿಕೊಟ್ಟಳು. ಕೆಲವರು ಕಾಫಿ ಕೊಟ್ಟರು. ಕೆಲವರು ಅವಳ ಮುಖಕ್ಕೇ ಬಾಗಿಲು ಹಾಕಿಕೊಂಡರು. ಆಗ ಅವಳು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು.