ಸುಮ್ಮನೆ ಎಣಿಸುವ ಸಾಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಟಾಸ್ಮೇನಿಯಾದ ಡೋವರ್‌ನ ತಮ್ಮ ಅಡುಗೆಮನೆಯಲ್ಲಿ ಬ್ರಾನ್ವಿನ್ ಟಲಕ್ ಟೋಸ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರಿನ ಪರದೆಗೆ ಬಾಗಿದ್ದಾರೆ. ಎದುರಿಗೆ ನೆರೆಮನೆಯ ಮೀನುಗಾರ ಲೆಸ್ಟರ್ ಒದ್ದೆ ಬೂಟಿನಲ್ಲೇ ಕೂತಿದ್ದಾನೆ. ನಿನ್ನೆ ಅವನ ದೋಣಿಯೊಳಗೆ ನೀರು ಏರಿದರೂ ಅದನ್ನು ಹೊರಹಾಕುವ ಪಂಪು ಚಾಲೂ ಆಗಲಿಲ್ಲ. ಪಂಪು ನಡೆಸುವ ಪ್ರೋಗ್ರಾಮ್ ಬರೆದವಳು ಅವನ ಮಗಳು ಇಮೊಜೆನ್. ಅದೇ ಈಗ ಪರದೆಯ ಮೇಲಿದೆ.

“ಮುಳುಗೇ ಹೋಗ್ತಿದ್ದೆ ಕಣೇ ಬ್ರಾನ್. ಇನ್ನು ನನ್ನ ದೋಣಿ ಮುಟ್ಬೇಡ ಅಂದ್ಬಿಟ್ಟೆ ಅವಳಿಗೆ. ಅಳ್ತಾ ಹೋದ್ಲು.”

“ಪಂಪಿಗಿಂತ ನಿನ್ನ ಬಾಯಿಗೊಂದು ಸ್ವಿಚ್ ಬೇಕು ನೋಡು.”

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಯಾರೂ ಬಳಸದ ಲೆಕ್ಕ, ಎಂದೂ ತಲುಪದ ಸಾಲು, ಇಂಥವನ್ನು ಅದು ದಾರಿಯಲ್ಲೇ ಕಿತ್ತುಹಾಕುತ್ತದೆ. ಆ ಕೀಳುವ ಭಾಗವನ್ನು ನೋಡಿಕೊಳ್ಳುವುದೇ ಬ್ರಾನ್ವಿನ್ ಅವರ ಕೆಲಸ. ತಾವು ದುಡಿಯುತ್ತಿದ್ದ ಹೋಬಾರ್ಟ್‌ನ ಕಚೇರಿ ಮುಚ್ಚಿದ ಮೇಲೂ ಅವರು ಅದನ್ನು ಬಿಟ್ಟಿಲ್ಲ. ದಿನಕ್ಕೆ ಮೂರೋ ನಾಲ್ಕೋ ದೂರು ಬರುತ್ತವೆ. ಹೊಗಳಿಕೆ ಬಂದದ್ದು ಅವರಿಗೆ ನೆನಪಿಲ್ಲ.

“ಸಿಕ್ತು,” ಎನ್ನುತ್ತಾರೆ. ನೀರಿನ ಮಟ್ಟ ಅಳೆಯುವ ಸಾಧನ ಎಚ್ಚರಗೊಳ್ಳಲು ತುಸು ಹೊತ್ತು ಬೇಕು. ಅಲ್ಲಿಯವರೆಗೆ ಕಾಯಲೆಂದು ಇಮೊಜೆನ್ ಸುಮ್ಮನೆ ಅಂಕಿ ಎಣಿಸುವ ಸಾಲೊಂದನ್ನು ಬರೆದಿದ್ದಾಳೆ. ಎಣಿಸಿದ ಅಂಕಿ ಯಾರಿಗೂ ಬೇಡವೆಂದು ಹೊಸ ಕಂಪೈಲರ್ ಆ ಸಾಲನ್ನೇ ತೆಗೆದಿದೆ. ಪ್ರೋಗ್ರಾಮ್ ಕಾಯದೆ ಕೇಳಿದ್ದಕ್ಕೆ, ಇನ್ನೂ ಎಚ್ಚರಗೊಳ್ಳದ ಸಾಧನ ‘ನೀರಿಲ್ಲ’ ಎಂದಿದೆ.

ಇಂಥ ಸಾಲನ್ನು ಮುಟ್ಟಬೇಡ ಎಂದು ಕಂಪೈಲರಿಗೆ ಒಂದು ಪದದಲ್ಲಿ ಗುರುತು ಹಾಕಬೇಕಾದ್ದು ಬರೆದವರೇ. ಈ ಕಸುಬಿನ ನಿಯಮ ಅದು. ಬ್ರಾನ್ವಿನ್ ಆ ಮಾತೆತ್ತುವುದಿಲ್ಲ.

“ನಿನ್ನ ಮಗಳು ಕಾಯೋಕೆ ಹೇಳಿದ್ಲು ಕಣೋ. ಅದನ್ನ ತೆಗೆದದ್ದು ನನ್ನ ಕಂಪೈಲರ್. ಬೈಯೋದಿದ್ರೆ ನನ್ನ ಬೈ.”

ಲೆಸ್ಟರ್ ಬೈಯುವುದಿಲ್ಲ. ಫೋನ್ ಹಿಡಿದು ಹೊರಗೆ ಹೋಗುತ್ತಾನೆ. “ಇಮ್ಮೀ, ದೋಣಿ ಕಟ್ಟೋ ದಕ್ಕೆ ಹತ್ರ ಬಾ ಮಗಾ. ನಿನ್ನ ಬಿಟ್ಟು ದೋಣಿ ಹೊರಡಲ್ಲ,” ಎನ್ನುವುದು ಕಿಟಕಿಯಿಂದ ಕೇಳುತ್ತದೆ.

ಇನ್ನು ಮುಂದೆ ಇಂಥ ಸಾಲು ತೆಗೆಯುವಾಗ ಕಂಪೈಲರ್ ಎಚ್ಚರಿಸುವಂತೆ ಮಾಡಬೇಕೆಂದು ಬ್ರಾನ್ವಿನ್‌ಗೆ ಆಸೆ. ಅವರೇ ಬರೆದರೆ ಒಂದು ಬೆಳಗಿನ ಕೆಲಸ.

ಫೋನಿಟ್ಟು ಒಳಬಂದ ಲೆಸ್ಟರ್‌ಗೆ ಅದನ್ನು ಹೇಳಿ, “ನಾನು ಬರೆಯಲ್ಲ,” ಎಂದು ನಗುತ್ತಾರೆ. “ಇಮೊಜೆನ್ ಬರೀಲಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”